ಪರದೇಶದ ಚಿಲ್ಲರೆ

ಅಪ್ಪ ತೀರಿಕೊಂಡ ದಿನ ಅವನ ಹಣೆಗೆ ಅಂಟಿಸಲು ಮನೆಯಲ್ಲಿ ಒಂದು ರೂಪಾಯಿಯ ನಾಣ್ಯವೂ ಇರಲಿಲ್ಲ. ತರಕಾರಿಯ ಭಯ್ಯಾನಿಗೂ ಆಟೋದವನಿಗೂ ಫೋನಿನಲ್ಲೇ ದುಡ್ಡು ಕಳಿಸುವ ಮನೆ ನಮ್ಮದು.

"ದಾರಿಖರ್ಚಿಗೆ ಏನೂ ಇಡದೆ ಹೇಗೆ ಕಳಿಸೋದು? ಬೇಗ ಹುಡುಕಿ," ಎಂದು ಕೆಳಗಿನ ಮನೆಯ ವಿಮಲಾ ಆಂಟಿ ಅವಸರ ಮಾಡಿದರು. ಅಮ್ಮ ಅಲಮಾರಿಯಿಂದ ಬಿಸ್ಕತ್ತಿನ ಡಬ್ಬಿ ತೆಗೆದು, ಕೈಗೆ ಸಿಕ್ಕಿದ ನಾಣ್ಯಕ್ಕೆ ಒದ್ದೆ ವಿಭೂತಿ ಮೆತ್ತಿ ಅಪ್ಪನ ಹಣೆಗೆ ಒತ್ತಿದಳು.

ಆ ಡಬ್ಬಿಯಲ್ಲಿದ್ದದ್ದೆಲ್ಲ ಪರದೇಶದ ಚಿಲ್ಲರೆ. ಅಪ್ಪ ರಾಯಭಾರ ಕಚೇರಿಗಳಲ್ಲಿ ಸ್ಟೆನೋ ಆಗಿದ್ದ. ಪ್ರಾಗ್, ಅಡಿಸ್ ಅಬಾಬ, ಹನೋಯ್, ಪ್ರತಿ ವರ್ಗಾವಣೆಯಲ್ಲೂ ಜೇಬಿನಲ್ಲಿ ಉಳಿದದ್ದು ಡಬ್ಬಿಗೆ ಬೀಳುತ್ತಿತ್ತು. ಈಗ ಅದು ನನ್ನ ಪಾಲಿಗೆ ಬಂದಿತ್ತು. ಕನಾಟ್ ಪ್ಲೇಸಿನಲ್ಲಿ ಹಣ ಬದಲಿಸುವವನು, "ಮೇಡಂ, ಸಿರ್ಫ್ ನೋಟ್," ಎಂದು ನಾಣ್ಯ ಬೇಡವೆಂಬಂತೆ ಕೈಯಾಡಿಸಿದ. ಗುಜರಿ ಕೊಳ್ಳುವ ಕಬಾಡಿಯವನು ತೂಕಕ್ಕೆ ಕೇಳಿದ. ಕೊಡಲು ಅಮ್ಮ ಬಿಡಲಿಲ್ಲ.

"ನಿಮ್ಮಪ್ಪ ದಿನಾ ಬರ್ತಿದ್ದಾರೆ, ಹರಿಣಿ. ಹಣೆಗೆ ಒತ್ತಿದ ಆ ನಾಣ್ಯ ಅಲ್ಲಿ ನಡೆಯಲ್ಲ ಅಂತ ಅವರನ್ನ ವಾಪಸ್ ಕಳಿಸಿದ್ದಾರೆ. ನಾನು ಮನೆ ಬಿಟ್ಟರೆ ಅವರು ಎಲ್ಲಿಗೆ ಹೋಗಬೇಕು?"

ಲೋಧಿ ಕಾಲೋನಿಯ ಆ ಸರ್ಕಾರಿ ಮನೆ ಖಾಲಿ ಮಾಡಲು ಕೊಟ್ಟ ಗಡುವು ಆ ವಾರವೇ ಮುಗಿಯುತ್ತಿತ್ತು. ಅಷ್ಟರೊಳಗೆ ಅಮ್ಮನನ್ನು ಮುನಿರ್ಕಾದ ನನ್ನ ಕೋಣೆಗೆ ಕರೆದೊಯ್ಯದಿದ್ದರೆ ಅವಳ ಕಣ್ಣೆದುರೇ ಸಾಮಾನು ಬೀದಿಗೆ ಬೀಳುತ್ತಿತ್ತು.

ಮಧ್ಯಾಹ್ನ ಅವಳ ಜೊತೆ ಕೂತೆ. ಹೆಜ್ಜೆಗಳು ಮೆಟ್ಟಿಲು ಹತ್ತಿ ಬಂದು ಬಾಗಿಲ ಬಳಿ ನಿಂತವು. ಕಾಲೊರಸಿನ ಮೇಲೆ ಚಪ್ಪಲಿ ಉಜ್ಜಿದ ಸದ್ದು. ಬಾಗಿಲು ತೆಗೆದೆ. ಯಾರೂ ಇಲ್ಲ, ಕಾಲೊರಸು ಮಾತ್ರ ಸೊಟ್ಟಗಾಗಿತ್ತು.

ಮರುದಿನ ಚಹಾದ ಭಯ್ಯಾನಿಂದ ಒಂದು ರೂಪಾಯಿ ಬೇಡಿ ತಂದು ಹೊಸ್ತಿಲ ಮೇಲಿಟ್ಟೆ. ಹೆಜ್ಜೆ ಬಂತು, ನಿಂತಿತು, ಇಳಿದುಹೋಯಿತು. ನಾಣ್ಯ ಇರಲಿಲ್ಲ.

"ಹೋದರು," ಎಂದು ಅಮ್ಮ ಅತ್ತಳು. ನಾನು ಗಂಟುಮೂಟೆ ಕಟ್ಟತೊಡಗಿದೆ.

ಅದರ ಮರುದಿನ ಮತ್ತೆ ಹೆಜ್ಜೆಗಳು. ಈ ಬಾರಿ ಹಲವು. ಭಾರದ ಬೂಟುಗಳ ನಡುವೆ ಮಗುವಿನದೆನಿಸುವ ಬರಿಗಾಲು.

"ಇವರು ನಿಮ್ಮಪ್ಪ ಅಲ್ಲ," ಎಂದಳು ಅಮ್ಮ.

"ಮತ್ತೆ ಯಾರು?"

"ನಿಮ್ಮಪ್ಪ ಬಾಯಿ ಮುಚ್ಚಿಕೊಂಡು ಇರೋರಾ? ಮನೇಲಿ ಹೀಗೊಂದು ಡಬ್ಬಿ ಇದೆ ಅಂತ ಅಲ್ಲಿ ಸಿಕ್ಕಿದವರಿಗೆಲ್ಲ ಹೇಳಿರ್ತಾರೆ. ಪಾಪ, ಈಗ ಯಾವ ದೇಶದಲ್ಲಿ ಯಾರ ಮನೇಲಿ ಚಿಲ್ಲರೆ ಇರತ್ತೆ?"

ಒಂದು ಹಿಡಿ ನಾಣ್ಯ ಹೊಸ್ತಿಲ ಮೇಲೆ ಹರಡಿದಳು. ಸಂಜೆಗೆ ಅರ್ಧ ಉಳಿದಿತ್ತು.

"ನಾನೆಲ್ಲೂ ಬರಲ್ಲ ಮಗಳೇ. ಬಂದವರನ್ನ ಬರಿಗೈಲಿ ಹೇಗೆ ಕಳಿಸಲಿ?"

ಅವಳನ್ನು ಹೊರಡಿಸಲೆಂದೇ ಹೇಳಿದೆ: "ಅವರು ಬರೋದು ಮನೆಗಲ್ಲ ಅಮ್ಮ, ಡಬ್ಬಿಗೆ. ಡಬ್ಬಿ ಎಲ್ಲಿರತ್ತೋ ಅಲ್ಲಿಗೇ ಬರ್ತಾರೆ."

ಅಮ್ಮ ಹೊಸ್ತಿಲ ಮೇಲೆ ಉಳಿದ ನಾಣ್ಯಗಳನ್ನು ಬಳಿದು ಡಬ್ಬಿಗೆ ಹಾಕಿದಳು. "ಅಚ್ಛಾ. ಚಲೋ ಹಾಗಾದರೆ."

ಆಟೋದಲ್ಲಿ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡೇ ಬಂದಳು. ಗೆದ್ದೆ ಅಂದುಕೊಂಡೆ.

ಮುನಿರ್ಕಾದ ನನ್ನ ಕೋಣೆ ಮೇಲಿನ ಮಹಡಿಯಲ್ಲಿದೆ. ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ಎದುರಿಗೆ ಯಾರಾದರೂ ಬಂದರೆ ಓರೆಯಾಗಿ ನಿಲ್ಲಬೇಕು. ಮಧ್ಯಾಹ್ನ ಬಟ್ಟೆಗಳು ಗೋಡೆಗೆ ಉಜ್ಜುವ ಸದ್ದು ಕೆಳಗಿನಿಂದ ಶುರುವಾಯಿತು. ಅದು ನಮ್ಮ ಬಾಗಿಲಿಗೆ ಬಂದು ನಿಂತ ಮೇಲೂ ಕೆಳಗೆ ಉಜ್ಜುತ್ತಲೇ ಇತ್ತು.

"ತೆಗಿ ಹರಿಣಿ. ಪಾಪ, ಎಷ್ಟು ಹತ್ತಿ ಬಂದಿದ್ದಾರೆ."

ತೆಗೆದೆ. ಮೆಟ್ಟಿಲು ಖಾಲಿ. ಒದ್ದೆ ಉಣ್ಣೆಯ ವಾಸನೆ ಮುಖಕ್ಕೆ ಬಡಿಯಿತು.

"ಯಾವ ದೇಶದವರು ಕೇಳು," ಎಂದಳು ಅಮ್ಮ, ಡಬ್ಬಿಯ ಮುಚ್ಚಳ ತೆಗೆಯುತ್ತಾ.

ಯಾವ ಭಾಷೆಯಲ್ಲಿ ಕೇಳಬೇಕೆಂದು ತಿಳಿಯಲಿಲ್ಲ. ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟೆ. ಬಹಳ ಹೊತ್ತು ಹಾಗೆಯೇ ನಿಂತಿರಬೇಕಾಯಿತು.