ಭಾವನ ಹೆಸರಿನ ಹಾಸಿಗೆ

ಹತ್ತೊಂಬತ್ತು ವರ್ಷ ಸಂಸಾರ ಮಾಡಿದರೂ ಸುಂದ್ರವ್ವ ಗಂಡನ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಕುರ್ಲಾ ಸ್ಟೇಷನ್ನಿನ ಜನಜಂಗುಳಿಯಲ್ಲಿ ಅವನು ತಪ್ಪಿಸಿಕೊಂಡಾಗಲೂ "ರೀ, ರೀ" ಎಂದು ಕೂಗಿದ್ದಳು. ಇಡೀ ಪ್ಲಾಟ್‌ಫಾರ್ಮು ತಿರುಗಿ ನೋಡಿತ್ತು, ಅವನೊಬ್ಬನನ್ನು ಬಿಟ್ಟು. ಹೆಂಡತಿ ಹೆಸರು ಹಿಡಿದು ಕರೆದರೆ ಗಂಡನ ಆಯುಷ್ಯ ಸವೆಯುತ್ತದೆ ಎಂದು ಯಾದಗಿರಿಯ ಕಡೆಯ ಅವಳ ಅವ್ವ ಹೇಳಿಕೊಟ್ಟಿದ್ದಳು. ಧಾರಾವಿಯ ಹೆಂಗಸರು ಇದನ್ನು ಕೇಳಿ ನಗುತ್ತಿದ್ದರು. ನಗಲಿ, ಸವೆಯುವುದು ಅವರ ಗಂಡಂದಿರ ಆಯುಷ್ಯವಲ್ಲವಲ್ಲ!

ಆ ಗಂಡ, ಭೀಮರಾಯ, ಈಗ ಆಸ್ಪತ್ರೆಯ ಗಂಡಸರ ವಾರ್ಡಿನ ಹದಿನಾಲ್ಕನೆಯ ಹಾಸಿಗೆಯಲ್ಲಿ ಮಲಗಿದ್ದ. ಪಿತ್ತಕೋಶದ ಹರಳು ತೆಗೆದು ಸಂಜೆ ಐದಕ್ಕೆ ಹೊರಗೆ ತಂದಿದ್ದರು. ತಲೆದೆಸೆಯ ಚೀಟಿಯಲ್ಲೂ ಮಣಿಕಟ್ಟಿನ ಪಟ್ಟಿಯಲ್ಲೂ ಬರೆದಿದ್ದ ಹೆಸರು ಮಾತ್ರ ಶರಣಬಸಪ್ಪ. ಶರಣಬಸಪ್ಪ ಎಂದರೆ ಭೀಮರಾಯನ ಅಣ್ಣ. ಅವನು ಸತ್ತು ಮೂರು ವರ್ಷವಾಗಿತ್ತು.

ಈ ಬುದ್ಧಿ ಕೊಟ್ಟವನು ಪಕ್ಕದ ಖೋಲಿಯ ಶಾಂತಪ್ಪ. ಭೀಮರಾಯನ ರೇಷನ್ ಕಾರ್ಡು ಊರಿನದು, ಇಲ್ಲಿ ನಡೆಯುವುದಿಲ್ಲ. ಅಣ್ಣನದು ಮುಂಬಯಿಯದು, ಅದರ ಮೇಲೆ ಆಪರೇಷನ್ ಪುಕ್ಕಟೆ. ಅಣ್ಣ ತೀರಿಕೊಂಡದ್ದು ಊರಲ್ಲಿ. ಆ ಸುದ್ದಿಯನ್ನು ಮುಂಬಯಿಯ ಯಾವ ಕಚೇರಿಗೂ ಯಾರೂ ಮುಟ್ಟಿಸಿರಲಿಲ್ಲ. ಫೋಟೋದ ಚಿಂತೆಯೂ ಇರಲಿಲ್ಲ. ಸರ್ಕಾರಿ ಫೋಟೋದಲ್ಲಿ ಯಾರೂ ತಮ್ಮಂತೆ ಕಾಣುವುದಿಲ್ಲ.

"ಬೀಸೋ ದೊಣ್ಣಿ ತಪ್ಪಿದ್ರ ಸಾವಿರ ವರ್ಷ ಆಯುಷ್ಯ. ಕರದ್ರ ಹ್ಞೂಂ ಅನ್ನೂದೊಂದ ಕಲ್ತ್ಕೋ," ಎಂದಿದ್ದ ಶಾಂತಪ್ಪ.

ಎಂಟು ದಿನ ತಾಲೀಮು ನಡೆಯಿತು. ಶಾಂತಪ್ಪ ಬಾಗಿಲಲ್ಲಿ ನಿಂತು "ಶರಣಬಸಪ್ಪಾ" ಎನ್ನುವುದು, ಒಳಗಿನಿಂದ ಭೀಮರಾಯ "ಹ್ಞೂಂ" ಎನ್ನುವುದು. ಮೊದಲೆರಡು ದಿನ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆರನೆಯ ದಿನ ಶಾಂತಪ್ಪ ಬಾಯಿ ತೆರೆಯುವ ಮೊದಲೇ ಭೀಮರಾಯ ಓಗೊಟ್ಟ. ಸುಂದ್ರವ್ವನಿಗೆ ಅದು ಯಾಕೋ ಹಿಡಿಸಲಿಲ್ಲ.

ರಾತ್ರಿಪಾಳಿಯ ನರ್ಸ್ ವಾರಿಜಾ ಉಡುಪಿ ಕಡೆಯವಳು. ಕನ್ನಡದವರು ಸಿಕ್ಕಿದರೆಂದು ಅವಳಿಗೆ ಖುಷಿ.

"ಇವರಿಗೆ ಪೂರಾ ಎಚ್ಚರ ಆಗ್ಲಿಲ್ಲ ಅಮ್ಮ. ಹೆಸರು ಹಿಡಿದು ಕರೀತಾ ಇರಿ, ಆಯ್ತಾ?"

ಸುಂದ್ರವ್ವ ಹಾಸಿಗೆಯತ್ತ ಬಾಗಿ "ರೀ" ಎಂದಳು.

"ರೀ ಅಂದ್ರೆ ಯಾರಿಗೆ ಎಚ್ಚರ ಆಗ್ತದೆ ಮಾರಾಯ್ತಿ? ಹೆಸರು ಹೇಳಿ!"

ಯಾವ ಹೆಸರು ಹೇಳುವುದು? ಒಂದು ಗಂಡನದು, ಇನ್ನೊಂದು ಭಾವನದು. ಅವರ ಮನೆತನದ ಹೆಂಗಸರು ಎರಡನ್ನೂ ಹೇಳುವಂತಿರಲಿಲ್ಲ. ಕೊನೆಗೆ ವಾರಿಜಾ ತಾನೇ ಅವನ ಕೆನ್ನೆ ತಟ್ಟಿ, "ಶರಣಬಸಪ್ಪ! ಓ ಶರಣಬಸಪ್ಪ!" ಎಂದು ಕೂಗಿದಳು.

"ಹ್ಞೂಂ," ಎಂದ ಅವನು.

ಭೀಮರಾಯನ ದನಿ ಮೂಗಿನದು. ಇದು ಎದೆಯ ತಳದಿಂದ ಎದ್ದು ಬಂದಿತ್ತು, ಭಾವನದು ಬರುತ್ತಿದ್ದ ಹಾಗೆ. ಗಂಟಲಿಗೆ ನಳಿಗೆ ಹಾಕಿದ್ದರಂತಲ್ಲ, ಅದಕ್ಕೇ ಇರಬೇಕು ಎಂದು ಸುಂದ್ರವ್ವ ತನಗೆ ತಾನೇ ಹೇಳಿಕೊಂಡಳು. ವಾರಿಜಾ ಅರ್ಧ ಗಂಟೆಗೊಮ್ಮೆ ಬಂದು ಕರೆದಳು. ಕರೆದಷ್ಟೂ ಆ ದನಿ ಗಟ್ಟಿಯಾಗುತ್ತ ಹೋಯಿತು.

ಹನ್ನೊಂದರ ಸುಮಾರಿಗೆ ಅವನು ಕಣ್ಣು ತೆರೆದು ನೇರ ಅವಳನ್ನೇ ನೋಡಿದ.

"ಸುಂದ್ರವ್ವ," ಎಂದ.

ಅವಳ ಗಂಡ ಅವಳನ್ನು ಎಂದೂ ಹಾಗೆ ಕರೆದವನಲ್ಲ. ಅವನಿಗೆ ಅವಳು "ಏ" ಅಥವಾ "ಇಲ್ನೋಡು". ಸುಂದ್ರವ್ವ ಎಂದು ತುಂಬುಬಾಯಿಂದ ಕರೆಯುತ್ತಿದ್ದವನು ಭಾವ.

"ಭೀಮ್ಯಾ ಎಲ್ಲಿ?"

ಭೀಮ್ಯಾ ಎನ್ನುತ್ತಿದ್ದವನೂ ಭಾವನೊಬ್ಬನೇ. "ಇಲ್ಲೇ ಅದಾರ್ರಿ," ಎಂದಳು ಸುಂದ್ರವ್ವ ಹೇಗೋ.

ಅವನು ತನ್ನ ಮಗ್ಗುಲಿಗೆ, ಹಾಸಿಗೆಯ ಖಾಲಿ ಅಂಚಿನ ಕಡೆಗೆ ನೋಡಿದ. "ಮಲಗ್ಲಿ ಬಿಡು. ದಣಿದಾನ. ಎಬ್ಬಸಬ್ಯಾಡ," ಎಂದು ಕಣ್ಣು ಮುಚ್ಚಿದ.

ಅವಳಿಗೆ ಹೆದರಿಕೆಯಾಯಿತು. ಕಾರ್ಡು ಯಾರ ಕೈಯಲ್ಲಾದರೂ ಇರಬಹುದು, ಹೆಸರಿಗೆ ಮಾತ್ರ ಒಬ್ಬ ಒಡೆಯನಿದ್ದಾನೆ. ಎಂಟು ದಿನ ಹೊಸ್ತಿಲಲ್ಲಿ ನಿಂತು ಕರೆದರೆ ಬಾರದೇ ಇರುತ್ತಾನೆಯೇ? ಅದೇ ಎಂಟು ದಿನದಲ್ಲಿ ಭೀಮರಾಯನನ್ನು ಯಾರೂ ಒಮ್ಮೆಯೂ ಕರೆದಿರಲಿಲ್ಲ. ಕರೆಯದ ಮನುಷ್ಯ ಯಾವ ದಾರಿ ಹಿಡಿದು ವಾಪಸ್ ಬರಬೇಕು?

ಅವಳು ಅವನ ಎರಡೂ ಕೈ ಹಿಡಿದುಕೊಂಡು ಕಿವಿಗೆ ಬಾಯಿ ಹಚ್ಚಿದಳು. ಅವ್ವನನ್ನು ನೆನೆದು, ತಪ್ಪಾಯಿತು ಎಂದುಕೊಂಡು, "ಭೀಮರಾಯ" ಎಂದಳು. ಏನೂ ಆಗಲಿಲ್ಲ. "ಭೀಮರಾಯ! ಏ ಭೀಮರಾಯ, ಏಳು!" ಎಂದು ಅರಚಿದಳು. ಸಾಲು ಹಾಸಿಗೆಗಳಲ್ಲಿ ಮಲಗಿದ್ದವರೆಲ್ಲ ಎದ್ದರು. ಯಾರೋ ಹಿಂದಿಯಲ್ಲಿ ಬೈದರು.

ವಾರಿಜಾ ಓಡಿ ಬಂದಳು. "ಯಾರದು ಭೀಮರಾಯ?"

"ಇವ್ರೇ ರೀ, ನನ್ನ ಗಂಡ. ಶರಣಬಸಪ್ಪ ನಮ್ಮ ಭಾವ, ಸತ್ತು ಮೂರು ವರ್ಷಾತು. ನಾವು ಸುಳ್ಳು ಬರಸೀವಿ ಸಿಸ್ಟರ್. ಪೊಲೀಸ್ರಿಗಿ ಹೇಳ್ರಿ, ಜೇಲಿಗಿ ಹಾಕ್ರಿ, ಏನರ ಮಾಡ್ರಿ. ಆದ್ರ ಆ ಹೆಸರು ಹೊಡದಾಕ್ರಿ, ಇವ್ರ ಹೆಸರು ಬರೀರಿ."

ಬಚ್ಚಿಡಬೇಕಾದದ್ದನ್ನೆಲ್ಲ ಅವಳು ಒಂದೇ ಉಸಿರಿಗೆ ಹೇಳಿಬಿಟ್ಟಿದ್ದಳು. ವಾರಿಜಾ ಅವಳ ಮುಖವನ್ನೂ ಮಣಿಕಟ್ಟಿನ ಪಟ್ಟಿಯನ್ನೂ ನೋಡಿದಳು. ಆಮೇಲೆ ರೋಗಿಯ ಕಣ್ಣಿಗೆ ಟಾರ್ಚ್ ಬಿಟ್ಟಳು.

"ನಿಮ್ಮ ಹೆಸರೇನು, ಹೇಳಿ ನೋಡುವಾ?"

"ಶರಣಬಸಪ್ಪ," ಎಂದ ಅವನು. ತೊದಲಲಿಲ್ಲ, ತಡವರಿಸಲಿಲ್ಲ.

ವಾರಿಜಾ ನಕ್ಕು ಸುಂದ್ರವ್ವನ ಭುಜ ತಟ್ಟಿದಳು. "ನೋಡಿ, ಎಷ್ಟು ಚಂದ ಮಾತಾಡ್ತಾರೆ. ನಿದ್ದೆ ಇಲ್ಲದೆ ನಿಮ್ಗೇ ತಲೆ ತಿರುಗಿದ್ದು. ಟೆನ್ಶನ್ ಮಾಡ್ಬೇಡಿ, ನಿಮ್ಮ ಯಜಮಾನ್ರು ಆರಾಮ ಇದ್ದಾರೆ." ಫೈಲಿನಲ್ಲಿ ಏನೋ ಗೀಚಿ, ದೀಪ ಸಣ್ಣದು ಮಾಡಿ ಹೋದಳು.

ಸುಂದ್ರವ್ವ ಹಿಡಿದಿದ್ದ ಕೈಗಳನ್ನು ಮೆಲ್ಲಗೆ ಚಾದರದ ಮೇಲಿಟ್ಟಳು. ಭಾವನ ಕೈ ಮುಟ್ಟುವ ರೂಢಿ ಅವರಲ್ಲಿರಲಿಲ್ಲ, ಭಾವನೆದುರು ಸರಿಸಮ ಕೂರುವ ರೂಢಿಯೂ ಇರಲಿಲ್ಲ. ಅವಳು ಸ್ಟೂಲಿನಿಂದಿಳಿದು ಗೋಡೆಯ ಕಡೆ ಸರಿದು, ತಲೆಯ ಮೇಲೆ ಸೆರಗು ಎಳೆದುಕೊಂಡು ನೆಲದ ಮೇಲೆ ಕೂತಳು.