ಹಿತ್ತಲ ಬಾಗಿಲಿಗೆ ನೆಟ್ಟ ಗೂಟ

ಬಾಡಿಗೆ ಮನೆ ಸಿಗುವುದೇ ಕಷ್ಟ. ಅದರಲ್ಲೂ ಮಗ್ಗ ಇದೆ ಎಂದರೆ, ನೆಲ ಅಗೆಯುತ್ತಾರೆ ಎಂದು ಯಾರೂ ಕೊಡುವುದಿಲ್ಲ. 2001ರಲ್ಲಿ ನಾವು ಕೆರೂರ ಬಿಟ್ಟು ಇಳಕಲ್ಲಿಗೆ ಬಂದಾಗ ಹದಿನೈದು ದಿನ ಅಲೆದ ಮೇಲೆ ಅರ್ಧ ಮನೆ ಸಿಕ್ಕಿತು. ಉಳಿದ ಅರ್ಧದಲ್ಲಿ ಬಿಬಿಜಾನ ಎಂಬ ವಯಸ್ಸಾದ ಒಂಟಿ ಹೆಂಗಸು ಇದ್ದರು. ಮುಂಬಾಗಿಲು, ಹಿತ್ತಲ ಬಾಗಿಲು, ನಡುವಿನ ಪಡಸಾಲೆ ಎರಡೂ ಮನೆಗೆ ಸೇರಿದ್ದು. ಅಡುಗೆಯೂ ಮುಂಬಾಗಿಲ ಪಕ್ಕದಲ್ಲೇ, ಒಂದೇ ಕಟ್ಟೆಯ ಮೇಲೆ ಎರಡು ಪಂಪಿನ ಸ್ಟೋವ್.

ಅಪ್ಪ ಗೋವಿಂದಪ್ಪ ಮಾಲೀಕರ ಒಪ್ಪಿಗೆ ಪಡೆದು ಪಡಸಾಲೆಯಲ್ಲಿ ಕಾಲು ಇಳಿಬಿಟ್ಟು ನೇಯಲು ಮಗ್ಗದ ಕುಣಿ ತೋಡಿದ. ಬಿಬಿಜಾನರನ್ನು ಕೇಳಲಿಲ್ಲ. ಸೀರೆಯ ಹಾಸು, ಅಂದರೆ ಉದ್ದನೆಯ ಎಳೆಗಳು, ಬಿಗಿಯಾಗಿ ನಿಲ್ಲಲು ದೂರದಲ್ಲೊಂದು ಗೂಟ ಬೇಕು. ಆ ಗೂಟವನ್ನು ಅಪ್ಪ ಹಿತ್ತಲ ಬಾಗಿಲಿಗೆ ಒತ್ತಿಯೇ ಆಳವಾಗಿ ನೆಟ್ಟ. ಬಾಗಿಲು ಒಳಕ್ಕೆ ತೆರೆಯುವಂಥದು. ಅಂದಿನಿಂದ ಅದು ತೆರೆಯಲಿಲ್ಲ.

“ನಿನ್ನ ಮಗ್ಗ ಮನಿಅಳಿಯ ಇದ್ದಂಗ ಐತಲ್ಲೋ ಗೋವಿಂದಪ್ಪಾ,” ಎಂದರು ಬಿಬಿಜಾನ. “ಬಂದ ದಿನಾನ ಬಾಗ್ಲಕ್ಕ ಕಾಲ ಚಾಚಿ ಮಲಗೇತಿ. ಹಿತ್ತಲ ಬಚ್ಚಲಕ್ಕ ನಾ ಹಾರಿ ಹೋಗ್ಲೇನು?”

ಅಪ್ಪ ನಕ್ಕ. “ಯಕ್ಕಾ, ಈ ಹಾಸು ಮುಗೀಲಿ ತಡೀರಿ. ಅಲ್ಲೀತನಕ ಸುತ್ತ ಹಾಕ್ಕೊಂಡ ಹೋಗ್ರಿ. ನಾಕ ಹೆಜ್ಜಿ ಹೆಚ್ಚ ನಡದ್ರ ಸವೀತೀರೇನು?”

ಶುಕ್ರವಾರ ಮಹಿಳಾ ಸಂಘದ ಸಭೆಗೆ ಅವ್ವನನ್ನು ಕರೆಯಲು ಅಂಗನವಾಡಿಯ ಬನಶಂಕರಿ ಅಕ್ಕೋರು ಬಂದರು. ಒಳಗೆ ಕಾಲಿಟ್ಟವರು ಮೊದಲು ಸ್ಟೋವ್ ನೋಡಿದರು, ಆಮೇಲೆ ಗೂಟ.

“ಗೋವಿಂದಪ್ಪಾರ, ಒಲಿ ಮುಂದಿನ ಬಾಗ್ಲದಾಗ, ಗೂಟ ಹಿಂದಿನ ಬಾಗ್ಲದಾಗ. ಮುಂದ ಉರಿ ಹತ್ತಿದ್ರ ಒಳಗಿದ್ದವ್ರು ಎಲ್ಲಿಂದ ಹೊರಗ ಬರಬೇಕ್ರಿ?”

“ಉರಿ ಯಾಕ ಹತ್ತತೈತ್ರಿ ಅಕ್ಕೋರ? ಒಳ್ಳೇದ ನುಡೀರಿ.”

“ಉರಿ ಹೇಳಿ ಕೇಳಿ ಹತ್ತೂದಿಲ್ರಿ. ಗೂಟ ಎರಡ ಮೊಳ ಇತ್ತಾಗ ಸರಸ್ರಿ. ಅರ್ಧಾ ದಿನದ ಕೆಲಸ.”

“ಏರಿಸಿದ ಹಾಸು ನಡುವ ಬಿಚ್ಚಬಾರದ್ರಿ. ಹಾಸು ಕೊಯ್ದರ ಮನಿತನಾನ ಕೊಯ್ದಂಗ. ಇನ್ನ ಎರಡ ಸೀರಿ, ಅಷ್ಟ.”

ಅವ್ವ ರತ್ನವ್ವ ಸಭೆಗೆ ಬರುತ್ತೇನೆಂದು ಹೇಳಿ ಅಕ್ಕೋರನ್ನು ಕಳಿಸಿದಳು. ನಾನು ಮೂಲೆಯಲ್ಲಿ ಕೂತು ನೂಲಿನ ಕಂಡಿಕೆ ಸುತ್ತುತ್ತಿದ್ದೆ. ಹಿಂದಿನ ದಿನವೇ ಬಿಬಿಜಾನ ಆ ಬಾಗಿಲನ್ನು ಎರಡು ಸಲ ಎಳೆದು, ಮೊಣಕಾಲು ಹಿಡಿದುಕೊಂಡು ಅಲ್ಲೇ ಕೂತದ್ದನ್ನು ನೋಡಿದ್ದೆ. ಹೇಳಬೇಕೆನಿಸಿತು. ಹೇಳಲಿಲ್ಲ.

ಒಂದು ಸೀರೆ ಇಳಿಯಿತು. ಎರಡನೆಯದು ಅರ್ಧವಾಗಿತ್ತು. ಅಂದು ಮಧ್ಯಾಹ್ನ ಅಪ್ಪ ರೇಷ್ಮೆ ತರಲು ಹೋಗಿದ್ದ. ಅವ್ವ, ನಾನು ಓಣಿಯ ನಳದ ಬಳಿ ಇದ್ದೆವು. ಬಿಬಿಜಾನ ಚಹಾ ಮಾಡಲು ಸ್ಟೋವ್ ಹಚ್ಚಿದಾಗ ಅದು ಭುಗ್ಗೆಂದಿತು. ಮುಂಬಾಗಿಲ ತುಂಬ ಉರಿ. ಅವರು ಹಿಂದಕ್ಕೆ ಓಡಿದರು.

ಹೊಗೆ ಕಂಡು ಓಡಿಬಂದ ನಾವು ಸುತ್ತಿಕೊಂಡು ಹಿತ್ತಲಿಗೆ ಹೋಗಿ ಬಾಗಿಲು ದೂಡಿದೆವು. ಬೆರಳು ತೂರುವಷ್ಟು ಸರಿದು ನಿಂತಿತು. ಆ ಸಂದಿಯಿಂದ ಹೊಗೆ ಬಂತು. ಅವರ ದನಿಯೂ ಬಂತು. “ರತ್ನವ್ವಾ, ಗೂಟ... ಗೂಟ...”

ಓಣಿಯವರು ಬಾಗಿಲು ಕಡಿದು ಹೊರಗೆಳೆಯುವ ಹೊತ್ತಿಗೆ ತಡವಾಗಿತ್ತು. ಬಿಬಿಜಾನ ಎರಡು ದಿನ ದವಾಖಾನೆಯಲ್ಲಿದ್ದು ತೀರಿಕೊಂಡರು.

ಅವರ ಮಣ್ಣಿಗೆ ಹೋಗಿ ಬಂದ ಅಪ್ಪ ಉಳಿದ ಹಾಸನ್ನು ತಾನೇ ಕೊಯ್ದ. ಗೂಟ ಅಗೆದು ಕಿತ್ತ. “ಅರ್ಧಾ ದಿನಾನೂ ಅಲ್ಲ, ಒಂದ ತಾಸಿನ ಕೆಲಸ ಇತ್ತು,” ಎಂದ.

ಈಗ ನಾವು ಬೇರೆ ಬಾಡಿಗೆ ಮನೆಯಲ್ಲಿದ್ದೇವೆ. ಅಲ್ಲಿ ಸಾಮಾನು ಇಳಿಸುವ ಮೊದಲೇ ಅಪ್ಪ ಜೊತೆಯ ಬಾಡಿಗೆದಾರಳಾದ ಶಾರವ್ವನನ್ನು ಕೇಳಿದ. “ಯವ್ವಾ, ನೀವು ಯಾವ ಬಾಗ್ಲಲೆ ಅಡ್ಡಾಡ್ತೀರಿ? ನಿಮಗ ಅಡ್ಡ ಆಗದಂಗ ಮಗ್ಗ ಹೂಡ್ತೇನಿ.”

“ಎಷ್ಟ ಛಲೋ ಮನಶ್ಯಾ ಅದೀಪಾ ನೀ,” ಎಂದಳು ಆಕೆ. ಅಪ್ಪ ತಲೆ ಎತ್ತಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಕೂಡಿ ಇರುವ ಬಾಡಿಗೆ ಮನೆಗೆ ಹೋದರೆ ಎಲ್ಲ ಬಾಗಿಲೂ ಪೂರ್ತಿ ತೆರೆಯುತ್ತವೆಯೇ ಎಂದು ಮೊದಲು ನೋಡಿ. ಒಲೆಯನ್ನು ಓಡಾಡುವ ದಾರಿಯಿಂದ ದೂರ ಇಡಿ. ಮಗ್ಗವೋ ಕಾಳಿನ ಚೀಲವೋ, ಏನೇ ಇಡುವ ಮೊದಲು ಮಾಲೀಕರನ್ನಷ್ಟೇ ಅಲ್ಲ, ಜೊತೆಗಿರುವವರನ್ನೂ ಕೇಳಿ. ಅಡ್ಡ ಆಗಿದೆ ಎಂದು ಅವರು ಹೇಳಿದರೆ ಕೆಲಸ ಮುಗಿಯಲಿ ಎನ್ನಬೇಡಿ. ಅಂದೇ ಸರಿಸಿ. ಕಣ್ಣಾರೆ ಕಂಡವರು ನನ್ನಂತೆ ಬಾಯಿ ಮುಚ್ಚಿ ಕೂರಬೇಡಿ. ಇವತ್ತು ಮನೆಗೆ ಹೋದ ಕೂಡಲೇ ನಿಮ್ಮ ಹಿಂದಿನ ಬಾಗಿಲನ್ನೊಮ್ಮೆ ತೆರೆದು ನೋಡಿ.