ಅರವತ್ತು ಜನಕ್ಕೊಂದು ಬಿಲ್ಲೆ

“ಏನೇ ಕೆರುಬೋ, ನಿನ್ ಹೊಟ್ಟೇಲಿರೋದು ಮಗುವೋ, ನೈವಾಶಾ ಕೆರೆಯೋ? ಎಷ್ಟ್ ಸಲ ಹೋಯ್ತೀಯೇ ಪಾಯಿಖಾನೆಗೆ?”

ಮೇಸ್ತ್ರಿ ಮುಸೆಂಬಿ ಮರದ ಬಿಲ್ಲೆಯನ್ನು ಜೇಬಿಗಿಳಿಸಿದ. ನಮ್ಮ ಗುಲಾಬಿ ಶೆಡ್ಡಿನಲ್ಲಿ ಅರವತ್ತು ಹೆಂಗಸರಿಗೆ ಅದೊಂದೇ ಬಿಲ್ಲೆ. ಅದು ಕೊರಳಲ್ಲಿಲ್ಲದೆ ಪಾಯಿಖಾನೆಗೆ ಹೋದವಳಿಗೆ ಮಾರನೆಯ ದಿನದಿಂದ ಕೆಲಸವಿಲ್ಲ. ಕೆರುಬೋಗೆ ಏಳು ತಿಂಗಳು. ನನಗೆ ಮೈಯೆಲ್ಲ ಉರಿಯಿತು. ಆದರೂ ತಲೆ ತಗ್ಗಿಸಿ ಒಳ್ಳೆ ಹೂ ಒಂದು ಬಕೀಟಿಗೆ, ಕೆಟ್ಟದ್ದು ತಿಪ್ಪೆ ಬಕೀಟಿಗೆ ಎಂದು ಆರಿಸುತ್ತಲೇ ಇದ್ದೆ. ನನ್ನಂಥ ಪುಕ್ಕಲಿ ಆ ಶೆಡ್ಡಿನಲ್ಲಿ ಇನ್ನೊಬ್ಬಳಿರಲಿಲ್ಲ.

ಅಂದೇ ನೈರೋಬಿಯಿಂದ ಒಬ್ಬಳು ಮೇಡಂ ಬಂದಳು. ನಾವು ಸಂತೋಷವಾಗಿದ್ದೇವೋ ಇಲ್ಲವೋ ಎಂದು ಹೂ ಕೊಳ್ಳುವ ಪರದೇಶದವರಿಗೆ ತಿಳಿಯಬೇಕಂತೆ. ಒಬ್ಬೊಬ್ಬರಿಗೂ ಒಂದು ಹಾಳೆ ಕೊಟ್ಟಳು. ಕೆಲಸ ಹಿಡಿಸಿದೆಯೇ? ಮೇಸ್ತ್ರಿಯ ಸ್ವಭಾವ ಹೇಗೆ? ಪಕ್ಕದಲ್ಲಿ ಒಂದು ನಗುವ ಮುಖ, ಒಂದು ಅಳುವ ಮುಖ.

“ನಗೋ ಮುಖಕ್ಕೇ ಗೀಟು ಹಾಕ್ಬೇಕು, ತಿಳೀತೇನ್ರೇ ಮುಂಡೇವಾ?” ಮುಸೆಂಬಿ ನಮ್ಮ ಬೆನ್ನ ಹಿಂದೆ ಪಿಸುಗುಟ್ಟುತ್ತ ಬಂದ.

“ಬಿಲ್ಲೆ ಕೊಡು ಮೇಸ್ತ್ರಿ, ತಡಿಯಕ್ಕಾಯ್ತಿಲ್ಲ,” ಎಂದಳು ಕೆರುಬೋ.

“ಮೊದ್ಲು ನಗು. ಆಮ್ಯಾಕೆ ಉಚ್ಚೆ.”

ಕೆರುಬೋ ಹಾಳೆಯನ್ನು ಮಡಚಿಟ್ಟಳು.

“ಮೇಡಮ್ಮಾ, ನಮಗೆ ಮುಖ ಆರ್ಸಕ್ಕೆ ಬರಾಕಿಲ್ಲ, ಹೂ ಆರ್ಸದು ಗೊತ್ತು. ಹಂಗೇ ಹೇಳ್ಲಾ?”

ಮೇಡಂ ತಲೆಯಾಡಿಸಿದಳು. ಕೆರುಬೋ ಮೇಸ್ತ್ರಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ದಂಟು ಉದ್ದ ಐತೆ, ಒಳಗೆಲ್ಲ ಪೊಳ್ಳು. ತಲೆ ಜಾಸ್ತಿ ಅರಳ್ಬುಟ್ಟೈತೆ. ಕತ್ತಂತೂ ಸಾಯೇಬ್ರ ಕಂಡ್ರೆ ಬಗ್ಗೋಯ್ತದೆ. ಏನ್ರವ್ವಾ, ಕತ್ತು ಬಗ್ಗಿದ್ದು ಯಾವ ಬಕೀಟಿಗೆ?”

“ತಿಪ್ಪೆ ಬಕೀಟಿಗೆ!” ಎಂದು ಇಡೀ ಶೆಡ್ಡು ಕೂಗಿತು.

ತಿಪ್ಪೆಗೆ ಹೋಗುವ ಹೂಕಂತೆಗೆ ನಾವು ಕೆಂಪು ರಬ್ಬರ್ ಬ್ಯಾಂಡ್ ಹಾಕುತ್ತೇವೆ. ಅಂಥದ್ದೊಂದನ್ನು ಅವನ ಮುಂಗೈಗೆ ಏರಿಸಿ, ಬಿಲ್ಲೆಯಿಲ್ಲದೆಯೇ ಕೆರುಬೋ ಪಾಯಿಖಾನೆಯ ಕಡೆ ನಡೆದಳು.

“ನಾಳೆಯಿಂದ ಬರಬ್ಯಾಡ ಕಣೇ!” ಮುಸೆಂಬಿ ಅರಚಿದ.

ನನಗೆ ಉಚ್ಚೆ ಬಂದಿರಲಿಲ್ಲ. ಆದರೂ ಕತ್ತರಿ ಕೆಳಗಿಟ್ಟು ಎದ್ದೆ. ಹಿಂದಿರುಗಿ ನೋಡಿದರೆ ಉಳಿದವರೂ ಎದ್ದಿದ್ದರು. ಒಂದೇ ಪಾಯಿಖಾನೆ, ಅರವತ್ತು ಹೆಂಗಸರು. ಸಾಲು ಗೇಟಿನವರೆಗೆ ಬೆಳೆಯಿತು. ಮೇಜಿನ ಮೇಲೆ ಗುಲಾಬಿ ಬಾಡತೊಡಗಿತು. ವಿಮಾನಕ್ಕೆ ಹೂ ಒಯ್ಯುವ ಲಾರಿ ಹಾರ್ನ್ ಹೊಡೆಯುತ್ತಲೇ ಇತ್ತು. ಮೇಡಂ ಪೆನ್ನು ಹಿಡಿದು ಸಾಲನ್ನು ಎಣಿಸುತ್ತಿದ್ದಳು.

ಮುಸೆಂಬಿ ಬಿಲ್ಲೆಯನ್ನು ಎತ್ತಿ ಹಿಡಿದು ಓಡೋಡಿ ಬಂದ. ಕೆಂಪು ಬ್ಯಾಂಡ್ ಇನ್ನೂ ಅವನ ಕೈಯಲ್ಲೇ ಇತ್ತು.

“ತಗಳ್ರವ್ವಾ ಬಿಲ್ಲೆ! ಅವ್ಳೂ ನಾಳೆ ಬರ್ಲಿ. ಒಳಕ್ಕೆ ಬನ್ರವ್ವಾ, ನಿಮ್ಮ ದಮ್ಮಯ್ಯ!”

ಅವನು ನಿಂತದ್ದು ನನ್ನ ಮುಂದೆ. ತಗ್ಗಿಸಿದ್ದ ತಲೆಯನ್ನು ಎತ್ತಿದೆ.

“ಮೊದ್ಲು ನಗು, ಮೇಸ್ತ್ರಿ,” ಎಂದೆ.